ಯಾರ ಬಲಗಡೆ?

"ರೈಟು! ಅಕ್ಕ ರೈಟಿಗೆ ಹೋಗ್ತಾಳೆ!" ಎಂದು ತನಗೆ ತಾನೇ ಕೂಗಿಕೊಂಡು ಆರತಿ ಬಲಗಡೆಗೆ ಹಾರಿದಳು.

ಅಕ್ಕ ರೈಟಿಗೇ ಹೋದಳು. ಆದರೆ ಆರತಿಯ ಎಡಗಡೆಯಿಂದ ಹೋದಳು. ಚೆಂಡು ಎರಡು ಸಲ ನೆಲಕ್ಕೆ ಬಡಿದು, ಗ್ಯಾರೇಜಿನ ಮೇಲಿದ್ದ ಬುಟ್ಟಿಯೊಳಗೆ ಸುಯ್ ಎಂದು ಇಳಿಯಿತು. ಆರತಿ ಗುಲಾಬಿ ಗಿಡದ ಪಕ್ಕದಲ್ಲಿ ಎರಡೂ ಕೈ ಅಗಲಿಸಿಕೊಂಡು ಬರೀ ಗಾಳಿಯನ್ನು ಕಾಯುತ್ತ ನಿಂತಿದ್ದಳು.

"ಮತ್ತೆ ಅದೇ ಮಿಸ್ಟೇಕು!" ಮಾಧುರಿ ನಕ್ಕಳು. "ಎದುರಿಗೆ ನಿಂತೋರ ರೈಟು ನಿನ್ನ ಲೆಫ್ಟು ಕಣೇ. ಡಿಫೆನ್ಸ್ ಮಾಡೋವಾಗ ನಿನ್ನ ಕೈ ನೋಡ್ಕೋಬೇಡ. ನೀನೇ ನಾನು ಅಂದ್ಕೋ."

"ನಾನೇ ನೀನಾದ್ರೆ, ಡಿಫೆನ್ಸ್ ಯಾರು ಮಾಡ್ತಾರೆ?"

"ಅಯ್ಯೋ ದೇವರೇ, ಲಾಯರು!" ಎಂದು ಮಾಧುರಿ ತಂಗಿಯ ಜುಟ್ಟು ಎಳೆದಳು.

ಅಷ್ಟರಲ್ಲಿ ಮೆಟ್ಟಿಲ ಮೇಲಿಟ್ಟಿದ್ದ ಫೋನು ಗುರ್ ಎಂದಿತು. ಅಕ್ಕ ಓಡಿಹೋಗಿ ಎತ್ತಿಕೊಂಡಳು. ಬೇಲಿಯ ಹತ್ತಿರ ಹೋಗಿ, ಆರತಿಗೆ ಬೆನ್ನು ಹಾಕಿ, ಮೆಲ್ಲಗೆ ಮಾತಾಡಿದಳು. "ಎಸ್, ಕೋಚ್. ನಾಳೆ ಸಂಜೆಯೊಳಗೆ ಹೇಳ್ತೀನಿ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಆರತಿಗೆ ಚೆನ್ನಾಗಿಯೇ ಕೇಳಿಸಿತು. ಕೇಳಿಸಬಾರದು ಎಂದು ಹೇಳುವ ಮಾತು ಮಕ್ಕಳಿಗೆ ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ.

ಆಟದ ಖುಷಿಯೆಲ್ಲ ಇಳಿದುಹೋಯಿತು.

ಮಾಧುರಿ ಆರತಿಯ ಒಬ್ಬಳೇ ಅಕ್ಕ. ಆರತಿಗೆ ಹತ್ತು ವರ್ಷ, ಮಾಧುರಿಗೆ ಇಪ್ಪತ್ತು. ಬಾಗಿಲು ದಾಟುವಾಗ ಮಾಧುರಿ ತಲೆ ಬಗ್ಗಿಸುತ್ತಾಳೆ. ಬಗ್ಗಿಸುವಷ್ಟು ಎತ್ತರವೇನಿಲ್ಲ, ಅದೊಂದು ಅಭ್ಯಾಸ. ಸ್ಯಾನ್ ಹೊಸೆ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ಓದುತ್ತಾಳೆ, ಅಲ್ಲಿಯ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಆಡುತ್ತಾಳೆ. ಟೀಮಿನವರಿಗೆ ಅವಳು ಮ್ಯಾಡಿ, ಅಜ್ಜಿಗೆ ಮಾದವ್ವ, ಆರತಿಗೆ ಬರೀ ಅಕ್ಕ. ಮ್ಯಾಚ್ ಇಲ್ಲದ ವಾರಗಳಲ್ಲಿ ಶುಕ್ರವಾರ ಸಂಜೆ ಬಾರ್ಟ್ ರೈಲು ಹತ್ತಿ ಯೂನಿಯನ್ ಸಿಟಿಯ ಮನೆಗೆ ಬರುತ್ತಾಳೆ, ಭಾನುವಾರ ಸಂಜೆ ವಾಪಸು ಹೋಗುತ್ತಾಳೆ. ಆ ಎರಡು ದಿನಗಳಿಗಾಗಿ ಆರತಿ ಉಳಿದ ಐದು ದಿನಗಳನ್ನು ಹೇಗೋ ತಳ್ಳುತ್ತಾಳೆ.

ಆಡುತ್ತಾಳೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹೆಚ್ಚಾಗಿ ಕೂರುತ್ತಾಳೆ. ಬೆಂಚಿನ ಕೊನೆಯಲ್ಲಿ ಕೂತು, ಬೇರೆಯವರು ಪಾಯಿಂಟ್ ಹೊಡೆದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾಳೆ. ಮನೆಯಲ್ಲಿ ಟಿವಿಯಲ್ಲಿ ಮ್ಯಾಚು ನೋಡುವಾಗ ಈರವ್ವಜ್ಜಿಗೆ ತಡೆಯಲಾಗುವುದಿಲ್ಲ.

"ಅಲ್ರೋ, ಇಷ್ಟ್ ಎತ್ತರದ ಹುಡುಗೀನ್ನ ಕುಂದರಸಾಕ ಕರಕೊಂಡು ಹೋಗ್ಯಾರೇನು? ಕುಂದರೂದ ಇದ್ರ ನಮ್ಮನ್ಯಾಗ ಸೋಫಾ ಇದ್ದಿಲ್ಲೇನು?"

ಈ ವರ್ಷ ಸೀಸನ್ ಮುಗಿದ ಕೂಡಲೇ, ಮಾಧುರಿಯನ್ನು ಆರಿಸಿಕೊಂಡಿದ್ದ ಹಳೆಯ ಕೋಚ್ ಬೇರೆ ಊರಿಗೆ ಹೋದರು. ಅವರ ಹಿಂದೆಯೇ ಟೀಮಿನ ಅರ್ಧ ಹುಡುಗಿಯರು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿಸಿದರು. ನಾನು ಬೇರೆ ಕಾಲೇಜಿಗೆ ಬರಲು ಸಿದ್ಧ, ಯಾರಿಗಾದರೂ ಬೇಕಾ ಎಂದು ಆಟಗಾರರು ಕೇಳುವ ಜಾಗ ಅದು. ಆರತಿ ಮೊದಲು ಅದು ವಿಡಿಯೊ ಗೇಮಿನ ನೀಲಿ ಸುಳಿಯಂಥದ್ದು ಎಂದುಕೊಂಡಿದ್ದಳು. ಕಾಲಿಟ್ಟರೆ ಮಂಗಮಾಯ! ಯೋಚಿಸಿದರೆ ಅದೇನೂ ಅಷ್ಟು ತಪ್ಪಲ್ಲ. ಅಕ್ಕನ ರೂಮ್‌ಮೇಟ್ ಟಿಯಾನಾ ಒಂದೇ ವಾರದಲ್ಲಿ ಟೆಕ್ಸಸ್‌ಗೆ ಮಾಯವಾಗಿದ್ದಳು.

ಅಕ್ಕನೂ ಹೆಸರು ಹಾಕಿಸಿದಳು. "ಸುಮ್ನೆ, ನೋಡೋಣ ಅಂತ" ಎಂದಳು. ಐಡಾಹೊದ ಒಂದು ಕಾಲೇಜಿನಿಂದ ಫೋನು ಬಂತು. ಅಲ್ಲಿಗೆ ಬಂದರೆ ಕೂರುವ ಪ್ರಶ್ನೆಯೇ ಇಲ್ಲ, ಮೊದಲ ನಿಮಿಷದಿಂದ ಆಡುತ್ತೀಯ ಎಂದರು ಅಲ್ಲಿಯ ಕೋಚ್. ಇಲ್ಲಿಯ ಹೊಸ ಕೋಚ್ ಕೂಡ ಒಳ್ಳೆಯವರೇ, ಬೇಕಾದರೆ ಇಲ್ಲೇ ಇರು ಎಂದರು. ಬೆಂಚಿನ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಹೋಗುವುದೋ ಇರುವುದೋ ಎಂದು ಭಾನುವಾರ ಸಂಜೆಯೊಳಗೆ ಹೇಳಬೇಕಿತ್ತು.

ಐಡಾಹೊ ಎಲ್ಲಿದೆ ಎಂದು ಆರತಿಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದ ಆಲೂಗಡ್ಡೆ ಚೀಲದ ಮೇಲೆ ಆ ಹೆಸರು ದಪ್ಪಕ್ಷರದಲ್ಲಿ ಇದ್ದದ್ದು ಮಾತ್ರ ಗೊತ್ತಿತ್ತು. ಅವತ್ತಿನಿಂದ ಅವಳು ಆಲೂಗಡ್ಡೆ ಪಲ್ಯ ಮುಟ್ಟುವುದನ್ನು ಬಿಟ್ಟಳು.

ಆ ರಾತ್ರಿ ಊಟದ ಮೇಜಿನಲ್ಲೂ ಅದೇ ಮಾತು.

"ಅಲ್ಲಿ ಕೋರ್ಸು ಚೆನ್ನಾಗಿದೆ" ಎಂದರು ಅಪ್ಪ. ಒಂದು ತುತ್ತು ತಿಂದು, "ಇಲ್ಲೂ ಚೆನ್ನಾಗೇ ಇದೆ" ಎಂದರು. ಸಂತೋಷಕುಮಾರ ಎಂಬ ಹೆಸರಿನ ಅಪ್ಪನಿಗೆ ಎಲ್ಲರನ್ನೂ ಸಂತೋಷಪಡಿಸುವ ಕಾಯಿಲೆ.

"ಅಲ್ಲಿ ಮೊಣಕಾಲು ತನಕ ಸ್ನೋ ಬೀಳತ್ತಂತೆ" ಎಂದಳು ಅಮ್ಮ. "ಜ್ವರ ಬಂದ್ರೆ ಯಾರು ನೋಡ್ತಾರೆ? ಆದ್ರೂ ಆಡೋ ಚಾನ್ಸ್ ಸಿಗೋದಾದ್ರೆ... ಏನೋಪ್ಪ."

"ನೀನು ಹೇಳು ಮಾಧುರಿ. ನಿಂಗೇನನ್ಸುತ್ತೆ?" ಎಂದರು ಅಪ್ಪ.

"ನೀವು ಹೇಳಿದ ಹಾಗೆ ಅಪ್ಪ" ಎಂದಳು ಮಾಧುರಿ. ಅಪ್ಪ ಹೋಗು ಎಂದಾಗ ಹೂಂ ಎಂದಳು, ಅಮ್ಮ ಬೇಡ ಎಂದಾಗಲೂ ಹೂಂ ಎಂದಳು. ತಟ್ಟೆಯಲ್ಲಿ ರೊಟ್ಟಿಯ ಚೂರನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದೂಡುತ್ತಿದ್ದಳು.

"ಅಕ್ಕ ಇಲ್ಲೇ ಇರ್ತಾಳೆ! ಫಿನಿಶ್!" ಎಂದಳು ಆರತಿ. ಯಾರೂ ಅದನ್ನು ವೋಟು ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊಮ್ಮಗಳನ್ನೇ ನೋಡುತ್ತ ಕೂತಿದ್ದ ಈರವ್ವಜ್ಜಿ ಕೈ ತೊಳೆದು ಬಂದಳು. "ಸಾಕ್ರೋ ನಿಮ್ಮ ಮೀಟಿಂಗು. ನಾಳೆ ಮುಂಜಾನೆ ವೀರಭದ್ರನ್ನ ಕೇಳೂಣು. ಹೂವಿನ ಪ್ರಸಾದ ಕೇಳಿ ಬಾಳ ದಿನಾ ಆತು."

"ಹಾಗಂದ್ರೆ?" ಎಂದಳು ಆರತಿ.

"ದೇವರ ಎರಡೂ ಭುಜಕ್ಕ ಹಸಿ ಹೂ ಹಚ್ಚೂದು. ಮನಸ್ಸಿನ್ಯಾಗ ಇದ್ದದ್ದನ್ನ ಕೇಳೂದು. ಬಲಗಡೆ ಹೂ ಮೊದಲ ಬಿತ್ತಂದ್ರ ಹೂಂ, ಹೋಗಂತ. ಎಡಗಡೆದು ಬಿತ್ತಂದ್ರ ಬ್ಯಾಡ, ಇಲ್ಲೇ ಇರಂತ."

"ಅಜ್ಜಿ, ಬ್ಯಾಸ್ಕೆಟ್‌ಬಾಲ್ ಬಗ್ಗೆ ವೀರಭದ್ರಂಗೆ ಏನ್ ಗೊತ್ತು?" ಮಾಧುರಿಗೆ ನಗು.

"ನಿಮ್ಮಪ್ಪ ಗದಗ ಬಿಟ್ಟು ಬರೂ ಮುಂದನೂ ಕೇಳಿದ್ದೆ. ಆಗ ದೇವರಿಗೆ ಕ್ಯಾಲಿಫೋರ್ನಿಯಾ ಗೊತ್ತಿತ್ತೇನು?"

ಮಾಧುರಿ, "ಸರಿ ಅಜ್ಜಿ, ಕೇಳೋಣ" ಎಂದು ಉಸಿರು ಬಿಟ್ಟಳು. ಭಾರದ ಚೀಲವನ್ನು ಕೆಳಗಿಟ್ಟವರ ಹಾಗಿತ್ತು ಆ ಉಸಿರು.

"ಹೂ ಹಚ್ಚೂದು ಯಾರು ಗೊತ್ತೇನು? ನಮ್ಮ ಆರತವ್ವ" ಎಂದು ಅಜ್ಜಿ ಆರತಿಯ ಗಲ್ಲ ಹಿಡಿದಳು. "ಹಿಂದಿನಿಂದ ನಮ್ಮನ್ಯಾಗ ಸಣ್ಣವರ ಕೈಲೇನ ಹಚ್ಚಸೂದು. ಸಣ್ಣ ಮಕ್ಕಳ ಕೈಯಾಗ ಮೋಸ ಇರಂಗಿಲ್ಲ."

ಪಾಪ, ಅಜ್ಜಿ. ಅವಳು ಆ ಮಾತು ಮುಗಿಸುವಷ್ಟರಲ್ಲಿ ಮೋಸ ಅರ್ಧ ತಯಾರಾಗಿತ್ತು.

ಆರತಿಯ ಸ್ಕೂಲ್ ಬ್ಯಾಗಿನಲ್ಲಿ ಒಂದು ಗ್ಲೂ ಸ್ಟಿಕ್ಕು ಇತ್ತು. ಹಚ್ಚಿದಾಗ ನೇರಳೆ ಬಣ್ಣ, ಒಣಗಿದ ಮೇಲೆ ಬಣ್ಣವೇ ಇಲ್ಲ. ಸೈನ್ಸ್ ಪ್ರಾಜೆಕ್ಟಿನ ಗ್ರಹಗಳನ್ನೆಲ್ಲ ಅದರಲ್ಲೇ ಅಂಟಿಸಿದ್ದಳು. ಶನಿಗ್ರಹ ಇನ್ನೂ ಕ್ಲಾಸಿನ ಗೋಡೆ ಬಿಟ್ಟಿರಲಿಲ್ಲ. ಶನಿಯನ್ನೇ ಹಿಡಿದಿಟ್ಟ ಅಂಟಿಗೆ ಒಂದು ಮಲ್ಲಿಗೆ ಹೂವು ಯಾವ ಲೆಕ್ಕ?

ಲೆಕ್ಕ ಸುಲಭವಾಗಿತ್ತು. ಬಲಗಡೆಯ ಹೂವು ಬಿದ್ದರೆ ಅಕ್ಕ ಹೋಗುತ್ತಾಳೆ. ಆದ್ದರಿಂದ ಬಲಗಡೆಯ ಹೂವು ಬೀಳಬಾರದು. ಅದಕ್ಕೆ ಗ್ಲೂ. ಆಗ ಎಡಗಡೆಯದೇ ಬೀಳಬೇಕು, ಬೇರೆ ದಾರಿಯೇ ಇಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಕರೆಯುವ ಮೊದಲೇ ಆರತಿ ಸ್ನಾನ ಮುಗಿಸಿದ್ದಳು. "ಏನಾಶ್ಚರ್ಯ!" ಎಂದಳು ಅಮ್ಮ. ಬೇಲಿಗೆ ಹಬ್ಬಿದ್ದ ಬಳ್ಳಿಯಲ್ಲಿ ಮಲ್ಲಿಗೆ ಬಿಟ್ಟಿತ್ತು. ಆರತಿ ಎರಡು ಹೂ ಕಿತ್ತಳು. ಅವಳ ಹೂಡಿ ಸ್ವೆಟರಿನ ಜೇಬು ಸ್ವಲ್ಪ ಉಬ್ಬಿತ್ತು.

ದೇವರ ಗೂಡಿನಲ್ಲಿ ಹಿತ್ತಾಳೆಯ ವೀರಭದ್ರ ಮೀಸೆ ತಿರುವಿಕೊಂಡು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದು ನಿಂತಿದ್ದ. ಅಜ್ಜಿ ಬಗ್ಗಿ ದೀಪದ ಬತ್ತಿ ಸರಿಮಾಡುತ್ತಿದ್ದಳು. ಆರತಿ ವೀರಭದ್ರನ ಎದುರು ಮಂಡಿಯೂರಿದಳು. ದೇವರ ಕಣ್ಣು ತಪ್ಪಿಸಿ, ತಾನು ಬರೆಯುವ ಕೈ ಯಾವುದೆಂದು ಒಮ್ಮೆ ನೋಡಿಕೊಂಡಳು. ಬಲಗೈ. ಆ ಕಡೆಯ ಭುಜಕ್ಕೆ ಗ್ಲೂ ಹಚ್ಚಿದ ಹೂವನ್ನಿಟ್ಟು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಇನ್ನೊಂದು ಭುಜಕ್ಕೆ ಬರೀ ನೀರು ಹಚ್ಚಿದ ಹೂವನ್ನು ಮೆತ್ತಗೆ ತಾಗಿಸಿದಳು.

"ಆತೇನವಾ?" ಎಂದಳು ಅಜ್ಜಿ.

"ಆಯ್ತು ಅಜ್ಜಿ."

ಎಲ್ಲರೂ ಬಂದು ಕೂತರು. ಅಜ್ಜಿಯ ಆರ್ಡರುಗಳು ಶುರುವಾದವು. "ಸಂತೋಷಾ, ಆ ಹೀಟರ್ ಬಂದ್ ಮಾಡು. ವಿಜಯಾ, ಕಿಟಕಿ ಹಾಕು. ಯಾರೂ ಸೀನಬ್ಯಾಡ್ರಿ. ಗಾಳಿಗೆ ಹೂ ಬಿತ್ತಂದ್ರ ಅದು ದೇವರ ಮಾತಲ್ಲ. ಮೋಸ ಆಗಬಾರದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆರತಿ ಹೂಡಿ ಜೇಬು ಮುಟ್ಟಿ ನೋಡಿಕೊಂಡಳು.

"ಯಪ್ಪಾ ವೀರಭದ್ರ" ಅಜ್ಜಿ ಕೈ ಜೋಡಿಸಿದಳು. "ಕೂಸು ಹೋಗಬೇಕಂದ್ರ ಬಲಗಡೆ ಕೊಡು. ಇರಬೇಕಂದ್ರ ಎಡಗಡೆ ಕೊಡು. ಬಾಳ ತಡಾ ಮಾಡಬ್ಯಾಡ, ರೊಟ್ಟಿ ಹಿಟ್ಟು ಆರತೈತಿ."

ಕಾದರು. ಅಪ್ಪ ಫೋನ್ ತೆಗೆಯಲು ಜೇಬಿಗೆ ಕೈ ಹಾಕಿ, ಅಜ್ಜಿಯ ಕಣ್ಣು ನೋಡಿ ಕೈ ಹಿಂದೆ ತೆಗೆದರು. ಅಡುಗೆಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾಧುರಿ ಉದ್ದನೆಯ ಕಾಲುಗಳನ್ನು ಮಡಚಿಕೊಂಡು, ಕಣ್ಣು ಮಿಟುಕಿಸದೆ ವೀರಭದ್ರನನ್ನೇ ನೋಡುತ್ತಿದ್ದಳು. ಫ್ರೀ ಥ್ರೋ ಹೊಡೆಯುವ ಮೊದಲು ಬುಟ್ಟಿಯನ್ನು ಅವಳು ನೋಡುವುದು ಹೀಗೆಯೇ.

ನೀರಿನಲ್ಲಿ ಅದ್ದಿದ ಹೂವು ಒಮ್ಮೆ ಅಲುಗಿತು. ಸ್ವಲ್ಪ ಜಾರಿತು. ನಿಂತಿತು. ಮತ್ತೆ ಜಾರಿ, ಸದ್ದಿಲ್ಲದೆ ತಟ್ಟೆಗೆ ಬಿತ್ತು.

"ಲೆಫ್ಟು!" ಆರತಿ ಕುಪ್ಪಳಿಸಿದಳು. "ಲೆಫ್ಟು ಬಿತ್ತು! ಅಕ್ಕ ಇಲ್ಲೇ ಇರ್ತಾಳೆ! ಎಸ್!"

"ಎಲ್ಲೀ ಎಡಾನ?" ಎಂದಳು ಅಜ್ಜಿ. "ಅದು ನಿನ್ನ ಎಡಾ. ದೇವರಿಗೆ ಅದು ಬಲಾ. ಕತ್ತಿ ಹಿಡದ ಕೈ ಯಾವ ಕಡೆ ಐತಿ ನೋಡು. ಬಲಗಡೆ ಕೊಟ್ಟ ನಮ್ಮಪ್ಪ! ಹೋಗಂದ!"

ಆರತಿ ನೋಡಿದಳು. ಕತ್ತಿ ಹಿಡಿದ ಕೈಯ ಭುಜ ಖಾಲಿಯಾಗಿತ್ತು. ಗುರಾಣಿಯ ಕಡೆ, ಅವಳೇ ಒತ್ತಿ ಒತ್ತಿ ಅಂಟಿಸಿದ ಹೂವು, ಬಂಡೆಯ ಹಾಗೆ ಕೂತಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಇದು ಅದಕ್ಕಿಂತ ಮೋಸ. ಇಲ್ಲಿ ದೈವದ ಕೆಲಸವನ್ನೂ ಅವಳೇ ಮಾಡಿಕೊಟ್ಟಿದ್ದಳು.

"ಇಲ್ಲ! ಇದು ಕೌಂಟ್ ಆಗಲ್ಲ! ಯಾಕಂದ್ರೆ..." ಎಂದು ಅವಳು ಬಾಯಿ ತೆರೆದಳು.

ಆಗ ಅಕ್ಕನ ಮುಖ ಕಂಡಿತು.

ಮಾಧುರಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಅವಳು ನಗುತ್ತಿದ್ದಳು. ಎಷ್ಟೋ ವಾರಗಳಿಂದ ಆ ಮುಖದಲ್ಲಿ ಅಂಥ ನಗು ಬಂದಿರಲಿಲ್ಲ ಎಂದು ಆರತಿಗೆ ಆಗಲೇ ಗೊತ್ತಾದದ್ದು.

"ನಂಗೆ ಹೋಗ್ಬೇಕು ಅಂತಿತ್ತು ಅಜ್ಜಿ" ಎಂದಳು ಮಾಧುರಿ. "ಆಡ್ಬೇಕು. ಚಪ್ಪಾಳೆ ಹೊಡೆದೂ ಹೊಡೆದೂ ಸಾಕಾಗಿತ್ತು. ಆದ್ರೆ ನಿಮ್ಮನ್ನೆಲ್ಲ ಬಿಟ್ಟು ಹೋಗ್ತೀನಿ ಅನ್ನೋಕೆ ಬಾಯೇ ಬರ್ತಿರಲಿಲ್ಲ."

"ಅಯ್ಯ ನನ್ನ ಕೂಸ" ಎಂದು ಅಜ್ಜಿ ತಟ್ಟೆಯಲ್ಲಿ ಬಿದ್ದಿದ್ದ ಹೂವನ್ನು ಎತ್ತಿ, ಮಾಧುರಿಯನ್ನು ಬಗ್ಗಿಸಿ, ಅವಳ ಪೋನಿಟೇಲಿಗೆ ಸಿಕ್ಕಿಸಿದಳು. ಅಮ್ಮ ಮೂಗು ಒರೆಸಿಕೊಂಡಳು. ಅಪ್ಪ, "ನಾನು ಮೊದಲೇ ಹೇಳಿರಲಿಲ್ವಾ?" ಎಂದರು.

"ಯಾಕಂದ್ರೆ ಏನು ಪುಟ್ಟಿ?" ಅಮ್ಮ ಆರತಿಯ ಕಡೆ ತಿರುಗಿದಳು.

"ಏನಿಲ್ಲ" ಎಂದು ಆರತಿ ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಬಂದು ಆರತಿಯ ಹಾಸಿಗೆಯ ತುದಿಯಲ್ಲಿ ಕೂತಳು. ಆ ಹಾಸಿಗೆಯಲ್ಲಿ ಅವಳು ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ.

"ಕೋಪಾನಾ ಆರೂ?"

"ನೋ."

"ದಿನಾ ವಿಡಿಯೊ ಕಾಲ್ ಮಾಡ್ತೀನಿ."

"ವಿಡಿಯೊ ಕಾಲಲ್ಲಿ ಡಿಫೆನ್ಸ್ ಮಾಡಕ್ಕಾಗಲ್ಲ" ಎಂದಳು ಆರತಿ ದಿಂಬಿನೊಳಗಿನಿಂದ.

ಮಾಧುರಿ ದಿಂಬಿನ ಮೇಲೆ ತಲೆಯಿಟ್ಟು ಅವಳ ಪಕ್ಕದಲ್ಲೇ ಮಲಗಿದಳು. ಪೋನಿಟೇಲಿನ ಮಲ್ಲಿಗೆ ಆರತಿಯ ಮೂಗಿಗೇ ಬಂತು. "ಸಂಜೆ ಹೊರಡೋಕೆ ಮುಂಚೆ ಕೋಚ್‌ಗೆ ಫೋನ್ ಮಾಡ್ತೀನಿ. ನೀನೂ ಪಕ್ಕದಲ್ಲಿರ್ತೀಯಾ?"

ಆರತಿ ದಿಂಬಿನಿಂದ ಮುಖ ಎತ್ತಿದಳು. ಅಂದರೆ ಅಕ್ಕ ಇನ್ನೂ ಫೋನ್ ಮಾಡಿಲ್ಲ! ಸಂಜೆಯ ತನಕ ಸಮಯವಿದೆ. ನಾನು ಗ್ಲೂ ಹಚ್ಚಿದ್ದೆ ಎಂಬ ಒಂದೇ ಒಂದು ಮಾತು ಸಾಕು. ಅಜ್ಜಿ ಮತ್ತೆ ಕೇಳುತ್ತಾಳೆ. ಈ ಸಲ ನಿಜವಾಗಿಯೂ ಎಡಗಡೆಯದೇ ಬೀಳಬಹುದು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು. ಮಧ್ಯಾಹ್ನದ ಊಟದಲ್ಲಿ ಬಂತು, ಹೋಂವರ್ಕ್ ಮಾಡುವಾಗ ಬಂತು, ಅಕ್ಕ ಬಟ್ಟೆ ಮಡಚುತ್ತ ಗುನುಗುವಾಗಲೂ ಬಂತು. ಅಕ್ಕ ಗುನುಗದೆ ಎಷ್ಟು ದಿನವಾಗಿತ್ತು!

ಸಂಜೆ ದೀಪ ಹಚ್ಚುವ ಮೊದಲು ಅಜ್ಜಿ ಗೂಡಿನ ಬಾಡಿದ ಹೂಗಳನ್ನು ತೆಗೆಯುತ್ತಿದ್ದಳು.

"ಏನಿದು, ಇದು ಬರವಲ್ದಲ್ಲ!" ಎಂದಳು. ಮತ್ತೆ ಎಳೆದಳು. ಹೂವಿನ ಎಸಳು ಕೈಗೆ ಬಂತು, ಹೂವು ಬರಲಿಲ್ಲ. ಕನ್ನಡಕ ಮೇಲೆತ್ತಿ, ವೀರಭದ್ರನ ಭುಜಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಆರತಿಯನ್ನು ನೋಡಿದಳು. ಆರತಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು.

"ಬಾ ಇಲ್ಲಿ. ಏನ್ ಹಚ್ಚಿದಿ?"

"ಗ್ಲೂ" ಎಂದಳು ಆರತಿ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. "ಅಕ್ಕ ಹೋಗಬಾರದು ಅಂತ ರೈಟ್ ಸೈಡಿಗೆ ಹಚ್ಚಿದೆ ಅಜ್ಜಿ. ಆದ್ರೆ ಅದು ನನ್ನ ರೈಟು. ದೇವರ ರೈಟಲ್ಲ."

ಅಜ್ಜಿ ಬಯ್ಯುತ್ತಾಳೆ ಎಂದುಕೊಂಡಿದ್ದಳು. ಅಜ್ಜಿಯ ಭುಜ ಅಲುಗತೊಡಗಿತು. ನೋಡಿದರೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನಗಬೇಡ ಅಜ್ಜಿ!"

"ಇಲ್ಲವಾ, ಇಲ್ಲ." ಅಜ್ಜಿ ಕಣ್ಣು ಒರೆಸಿಕೊಂಡಳು. "ನಮ್ಮನ್ಯಾಗ ಎಷ್ಟೋ ಮಂದಿ ಪ್ರಸಾದ ಕೇಳ್ಯಾರ. ದೇವರಿಗೆ ಅಂಟು ಹಚ್ಚಿದಾಕಿ ನೀನ ಮೊದಲು. ಬಾ, ಹಿಂಗ ನಿಂದರು."

ಅಜ್ಜಿ ಆರತಿಯ ಭುಜ ಹಿಡಿದು, ದೇವರ ಗೂಡಿಗೆ ಬೆನ್ನು ಮಾಡಿ ನಿಲ್ಲಿಸಿದಳು. "ಈಗ ನೀನೂ ವೀರಭದ್ರನೂ ಒಂದ ಕಡೆ ನೋಡಾಕತ್ತೀರಿ. ಬಲಗೈ ಎತ್ತು."

ಆರತಿ ಬಲಗೈ ಎತ್ತಿದಳು. ಕತ್ತಿ ಹಿಡಿದ ಕೈಯ ಕಡೆಗೇ ಬಂತು.

"ತಿಳೀತೇನು?"

ಅಲ್ಲಿಂದ ನೋಡಿದರೆ ಹಾಲ್ ಪೂರ್ತಿ ಕಾಣುತ್ತಿತ್ತು. ದಿನಾ ದೇವರ ಕಡೆ ಮುಖ ಮಾಡಿಯೇ ನಿಲ್ಲುತ್ತಿದ್ದ ಅವಳು ಹಾಲನ್ನು ಈ ಕಡೆಯಿಂದ ಯಾವತ್ತೂ ನೋಡಿರಲಿಲ್ಲ. ಅಕ್ಕ ಕಾರ್ಪೆಟ್ ಮೇಲೆ ಬೋರಲಾಗಿ ಮಲಗಿ ಟಿಯಾನಾ ಜೊತೆ ವಿಡಿಯೊ ಕಾಲಿನಲ್ಲಿದ್ದಳು. ಪೋನಿಟೇಲು ತಿರುಗಿಸಿ, ಬಾಡಿದ ಮಲ್ಲಿಗೆಯನ್ನು ಫೋನಿಗೆ ತೋರಿಸುತ್ತಿದ್ದಳು. ಗಾಳಿಯಲ್ಲಿ ಕಾಲಾಡಿಸುತ್ತ, ಸಣ್ಣ ಹುಡುಗಿಯ ಹಾಗೆ ಕಿಲಕಿಲ ನಗುತ್ತಿದ್ದಳು. ಆ ಮುಖವನ್ನು ನೋಡಿದರೆ ಯಾವ ದೇವರಿಗೂ ಬೇಡ ಎನ್ನಲು ಮನಸ್ಸಾಗುತ್ತಿರಲಿಲ್ಲ.

"ನೋಡವಾ" ಅಜ್ಜಿಯ ದನಿ ಈಗ ನಗುತ್ತಿರಲಿಲ್ಲ. "ಹೂವಿಗೆ ಅಂಟು ಹಚ್ಚಿದ್ರ ಆ ಪ್ರಸಾದ ಲೆಕ್ಕಕ್ಕಿಲ್ಲ. ಮತ್ತ ಕೇಳಬೇಕಾಗತೈತಿ. ಅದು ಪದ್ಧತಿ. ನಿಮ್ಮಕ್ಕ ಇನ್ನೂ ಫೋನ್ ಮಾಡಿಲ್ಲ. ಕರೀಲೇನು ಎಲ್ಲಾರನ್ನೂ?"

ಇಡೀ ದಿನ ಆರತಿ ಕಾದಿದ್ದು ಇದಕ್ಕೇ. ಮತ್ತೆ ಕೇಳು ಎಂದು ಅವಳು ಹೇಳಬೇಕಾಗಿಯೂ ಬರಲಿಲ್ಲ, ಅಜ್ಜಿಯೇ ಕೇಳುತ್ತಿದ್ದಾಳೆ. ಹೂಂ ಎಂದರೆ ಸಾಕು.

ಆರತಿ ತಿರುಗಿ ಗುರಾಣಿಯ ಕಡೆ ಅಂಟಿದ್ದ ಹೂವನ್ನು ನೋಡಿದಳು. ಆಮೇಲೆ ಕತ್ತಿಯ ಕಡೆಯ ಖಾಲಿ ಭುಜವನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

"ಅಜ್ಜಿ, ನಾನು ಗ್ಲೂ ಹಚ್ಚಿದ್ದು ಇದಕ್ಕೆ ಮಾತ್ರ."

"ಹೌದು."

"ಆ ಹೂವಿಗೆ ಬರೀ ನೀರು. ಅದನ್ನ ಯಾರೂ ತಳ್ಳಲಿಲ್ಲ. ಹೀಟರ್ ಕೂಡ ಆಫ್ ಇತ್ತು. ದೇವರಿಗೆ ಅಕ್ಕ ಹೋಗೋದು ಬೇಡ ಅಂತಿದ್ರೆ, ಅದನ್ನೂ ಬೀಳೋಕೆ ಬಿಡ್ತಿರಲಿಲ್ಲ ಅಲ್ವಾ? ಎರಡೂ ಹಾಗೇ ಇರ್ತಿದ್ವು ಅಲ್ವಾ?" ಅವಳು ತೋಳಿನಿಂದ ಕಣ್ಣು ಒರೆಸಿಕೊಂಡಳು. "ಅದಾಗೇ ಬಿತ್ತು ಅಜ್ಜಿ. ಮತ್ತೆ ಕೇಳೋದು ಬೇಡ."

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಅಪ್ಪಿಕೊಂಡಳು. ಅಜ್ಜಿಯ ಸೀರೆಗೆ ವಿಭೂತಿಯ ವಾಸನೆ, ರೊಟ್ಟಿಯ ವಾಸನೆ.

"ಹೋಗು, ಒಂದು ಬಟ್ಟಲ ಬಿಸಿನೀರು ತಾ" ಎಂದಳು ಕೊನೆಗೆ. "ಪಾಪ, ವೀರಭದ್ರನ ಭುಜಾ ಹಿಡಕೊಂಡೈತಿ."

ಇಬ್ಬರೂ ಸೇರಿ ಅಂಟನ್ನು ಒರೆಸಿದರು. ಅಜ್ಜಿ ದೇವರಿಗೆ ತಪ್ಪಾತು ಎಂದಳು, ಆರತಿಯೂ ಎಂದಳು. ಅಷ್ಟರಲ್ಲಿ ಹಾಲಿನಿಂದ ಅಕ್ಕನ ದನಿ ಕೇಳಿಸಿತು. "ಆರೂ! ಫೋನ್ ಮಾಡ್ತೀನಿ, ಬರ್ತೀಯಾ?"

ಆರತಿ ಒದ್ದೆ ಕೈಯಲ್ಲೇ ಓಡಿಹೋದಳು. ಅಕ್ಕ ಐಡಾಹೊದ ಕೋಚ್ ಜೊತೆ ಮಾತಾಡುವಷ್ಟು ಹೊತ್ತೂ ಅವಳ ಪಕ್ಕದಲ್ಲಿ ಕೂತಿದ್ದಳು. "ಎಸ್" ಎನ್ನುವಾಗ ಅಕ್ಕ ಅವಳ ಕೈಯನ್ನು ನೋವಾಗುವಷ್ಟು ಹಿಸುಕಿದಳು. ಆರತಿ ಅಯ್ಯೋ ಎನ್ನಲಿಲ್ಲ.

ಅಮ್ಮ ಡಬ್ಬಿಗೆ ರೊಟ್ಟಿ, ಆಲೂಗಡ್ಡೆ ಪಲ್ಯ ತುಂಬಿದಳು. ಅಪ್ಪ ಸ್ಟೇಷನ್ನಿಗೆ ಬಿಡಲು ಕಾರಿನ ಕೀ ಹುಡುಕತೊಡಗಿದರು. ಅಪ್ಪ ಕೀ ಹುಡುಕುವುದೆಂದರೆ ಒಂದು ಸಣ್ಣ ಮ್ಯಾಚು ಮುಗಿಯುವಷ್ಟು ಸಮಯ.

"ಒಂದೇ ಒಂದು ಆಟ?" ಎಂದಳು ಅಕ್ಕ.

ಡ್ರೈವ್‌ವೇಯಲ್ಲಿ ಇನ್ನೂ ಬಿಸಿಲಿತ್ತು. ಬೇಲಿಯ ಮಲ್ಲಿಗೆಯ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಮಾಧುರಿ ಬಗ್ಗಿ ಚೆಂಡು ಪುಟಿಸುತ್ತ ಬಂದಳು. ಆರತಿ ಮೊಣಕಾಲು ಮಡಚಿ ಎದುರಿಗೆ ನಿಂತಳು. ಈ ಸಲ ತನ್ನ ಕೈ ನೋಡಿಕೊಳ್ಳಲಿಲ್ಲ. ಅಕ್ಕನ ಮುಖ ನೋಡಿದಳು.

ಅಕ್ಕ ರೈಟಿಗೆ ನುಗ್ಗಿದಳು. ಆರತಿ ತನ್ನ ಎಡಗಡೆಗೆ ಹಾರಿದಳು. ಚೆಂಡು ಅವಳ ಕೈಗೆ ಪಟ್ ಎಂದು ಬಡಿದು ಗುಲಾಬಿ ಗಿಡದ ಕಡೆ ಉರುಳಿಹೋಯಿತು.

ಮಾಧುರಿ ನಿಂತಲ್ಲೇ ನಿಂತಳು. "ವಾಟ್! ಹೇಗೆ ಗೊತ್ತಾಯ್ತು?"

"ನಾನು ನೀನಾಗಿದ್ರೆ ಆ ಕಡೆಗೇ ಹೋಗ್ತಿದ್ದೆ" ಎಂದಳು ಆರತಿ.

ಅವಳು ಹೋಗಿ ಗಿಡದ ಕೆಳಗಿನಿಂದ ಚೆಂಡು ತಂದಳು. ಅದನ್ನು ಎದೆಗೆ ಅವುಚಿಕೊಂಡು ಒಂದು ಗಳಿಗೆ ನಿಂತಳು. ಒಳಗಿನಿಂದ ಅಪ್ಪ, "ಸಿಕ್ತು, ಸಿಕ್ತು!" ಎಂದು ಕೀ ಕುಲುಕಿದರು.

ಆರತಿ ಚೆಂಡನ್ನು ಎಸೆದಳು, ಮೆತ್ತಗೆ, ಸರಿಯಾಗಿ ಅಕ್ಕನ ಬಲಗೈಗೆ.